ಬಾವಿಯ ಬಳ್ಳಿ ಬಚ್ಚಿಟ್ಟ ಬೇಸಿಗೆ

ನಮ್ಮ ಕುರ್ವೆಗೆ ಸರಕಾರ ಇನ್ನೂ ಕಾಲ್ನಡಿಗೆಯಲ್ಲೇ ಬರುತ್ತಿದ್ದ ಕಾಲವದು. ಹೊಳೆಯ ನಡುವಿನ ನಡುಗಡ್ಡೆ, ಎಂಟೇ ಮನೆ. ಕುಮಟೆಯ ಸಾಹೇಬರು ದೋಣಿ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಕೆಸರುಕಟ್ಟೆಯ ಮೇಲೆ ನಡೆದೇ ಬರಬೇಕಿತ್ತು. ಬಂದವರು ಯಾರೇ ಇರಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಅದಕ್ಕೆ ಆಸ್ರಿ ಎನ್ನುತ್ತಿದ್ದೆವು. ಆಸ್ರಿ ಕೊಡದೆ ಬಂದ ಕೆಲಸ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ.

ನಮ್ಮ ಗದ್ದೆಗಳಿಗೆ ಉಬ್ಬರದ ಉಪ್ಪುನೀರು ನುಗ್ಗುತ್ತಿತ್ತು. ಆ ನೀರಿನಲ್ಲಿ ಬದುಕುತ್ತಿದ್ದದ್ದು ಕಗ್ಗ ಎಂಬ ಒಂದೇ ಭತ್ತ. ಅದರ ಕೆಂಪು ಗಂಜಿ, ಸುಟ್ಟ ಒಣ ಸೆಟ್ಲಿಯ, ಅಂದರೆ ಸಿಗಡಿಯ, ಚಟ್ನಿ ಇದ್ದರೆ ನಾವು ಮಕ್ಕಳು ತಲೆಯೆತ್ತದೆ ಉಣ್ಣುತ್ತಿದ್ದೆವು. ಬೀಜದ ಭತ್ತವನ್ನು ಅಪ್ಪ ಹುಲ್ಲಿನಲ್ಲಿ ಸುತ್ತಿ, ಹುರಿಯಿಂದ ಬಿಗಿದು, ಕುಂಬಳಕಾಯಿಯ ಹಾಗೆ ಗುಂಡಗೆ ಮುಡೆ ಕಟ್ಟಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದ. ಉಣ್ಣುವ ಭತ್ತದ ಮುಡೆಯನ್ನು ನಾವು ಕುದುರೆ ಮಾಡಿ ಹತ್ತಿದರೆ ಯಾರೂ ಬೈಯುತ್ತಿರಲಿಲ್ಲ. ಬೀಜದ ಮುಡೆಗೆ ಕಾಲು ತಾಗಿದರೆ ಮಾತ್ರ ಅಜ್ಜಿಯ ಕೈ ಬೆನ್ನ ಮೇಲಿರುತ್ತಿತ್ತು. ಹೊಟ್ಟೆಗಿಲ್ಲದಿದ್ದರೂ ಬಿತ್ತುವ ದಿನದವರೆಗೆ ಅದನ್ನು ಬಿಚ್ಚುತ್ತಿರಲಿಲ್ಲ.

ಅರವತ್ತರ ದಶಕದ ನಡುವೆ ಎಲ್ಲೆಲ್ಲೂ ಅಕ್ಕಿಯ ಅಭಾವ. ಬೆಳೆದವರು ಇಂತಿಷ್ಟು ಭತ್ತವನ್ನು ಸರಕಾರಕ್ಕೆ ಕೊಡಬೇಕೆಂದು ಲೆವಿ ಬಂತು. ವಸೂಲಿಗೆ ಬಂದ ಸಾಹೇಬ ನಮ್ಮ ಜಗಲಿಯಲ್ಲಿ ಕೂತು ಆಸ್ರಿ ಕುಡಿದ. ಇನ್ನೊಂದು ತುಂಡು ಬೆಲ್ಲ ಕೇಳಿ ತಿಂದ. ಲೆವಿಯ ಭತ್ತವನ್ನು ಅಪ್ಪ ತಕರಾರಿಲ್ಲದೆ ಅಳೆದುಕೊಟ್ಟ. ಆಮೇಲೆ ಒಳಗೆ ಇಣುಕಿದ ಸಾಹೇಬನ ಬೆರಳು ಅಟ್ಟದ ಕಡೆ ಹೋಯಿತು.

“ಏನದು ಮೇಲೆ?”

“ಬೀಜದ್ದು ಸಾಹೇಬ್ರೆ. ಅದಕ್ಕೆ ಲೆವಿ ಇಲ್ಲ.” ಶಾಲೆಯ ಮಾಸ್ತರರು ಸರಕಾರದ ಆದೇಶವನ್ನು ನಕಲು ಮಾಡಿಕೊಟ್ಟಿದ್ದರು. ಅಪ್ಪ ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಸಾಹೇಬ ಓದಿದ, ಮಡಚಿದ, ತನ್ನ ಕಿಸೆಗೇ ಹಾಕಿಕೊಂಡ. “ಓದೋದು ನನ್ನ ಕೆಲಸ. ಕೊಡೋದು ನಿನ್ನ ಕೆಲಸ.”

ಜೊತೆಗೆ ಬಂದಿದ್ದ ಜವಾನ ಕತ್ತಿಯಿಂದ ಮುಡೆಯ ಹೊಟ್ಟೆ ಸೀಳಿದ. ಎಂಟು ಮನೆಯಲ್ಲೂ ಇದೇ ಆಯಿತು. ರಸೀದಿ ಕೇಳಿದ ಅಪ್ಪನಿಗೆ “ಜೈಲು ನೋಡಿದೀಯಾ?” ಎಂಬ ಉತ್ತರ ಸಿಕ್ಕಿತು. ದೋಣಿ ಹೋದ ಮೇಲೆ ಹೆಂಗಸರು ನೆಲ ಗುಡಿಸಿ, ಚೆಲ್ಲಿದ ಕಾಳನ್ನು ಒಂದೊಂದಾಗಿ ಆಯ್ದು ಅಜ್ಜಿಯ ಮಡಿಲಿಗೆ ತಂದು ಹಾಕಿದರು.

ಅಪ್ಪ ಹೊಳನಗದ್ದೆಯ ಅತ್ತೆಯ ಮನೆಯಿಂದ ಬೇರೆ ಜಾತಿಯ ಬೀಜ ತಂದು ಬಿತ್ತಿದ. ನಾಲ್ಕು ದಿನ ಹಸಿರಾಗಿತ್ತು. ಅಮಾವಾಸ್ಯೆಯ ಉಬ್ಬರಕ್ಕೆ ಉಪ್ಪು ನುಗ್ಗಿತು, ಸಸಿಯೆಲ್ಲ ಸುಟ್ಟುಹೋಯಿತು. ಅಪ್ಪ ಮೂರು ಸಲ ಕುಮಟೆಗೆ ಹೋಗಿ ದೂರು ಕೊಟ್ಟ. ರಸೀದಿ ಇಲ್ಲವಾದ್ದರಿಂದ ಬೀಜ ಹೋಗಿಯೇ ಇಲ್ಲ ಎಂದು ಅಲ್ಲಿ ಹೇಳಿದರಂತೆ. ಆ ವರ್ಷ ಅಪ್ಪ ಹೊನ್ನಾವರಕ್ಕೆ ಕೂಲಿಗೆ ಹೋದ. ನಾವು ಗೆಣಸು ಬೇಯಿಸಿ ತಿಂದೆವು. ತಿನ್ನುವಾಗೆಲ್ಲ ನಾನು ಸಾಹೇಬನಿಗೆ ಬಾಯಿಗೆ ಬಂದಂತೆ ಶಾಪ ಹಾಕುತ್ತಿದ್ದೆ.

ಅಜ್ಜಿ ಮಾತ್ರ ಮಡಿಲಿಗೆ ಬಿದ್ದ ಕಾಳನ್ನು ಗದ್ದೆಯ ಒಂದು ಮೂಲೆಯಲ್ಲಿ ಬಿತ್ತಿ, ಕೊಕ್ಕರೆ ಕಾದು, ಏಡಿ ಕಾದು, ಬೆಳೆದಿದ್ದಳು. ಅದರಿಂದ ಒಂದು ಪುಟ್ಟ ಮುಡೆಯಾಯಿತು. ಎಂಟು ಮನೆಗೂ ಅದೊಂದೇ ಬೀಜ.

ಮರುವರ್ಷ ಬಿರುಬೇಸಿಗೆಯಲ್ಲಿ ಅದೇ ಸಾಹೇಬ ಮತ್ತೆ ಲೆವಿಗೆಂದು, ಈ ಸಲ ಒಬ್ಬನೇ, ದೋಣಿ ಇಳಿದ. ದೂರದಿಂದಲೇ ಕಂಡ ಅಜ್ಜಿ ನನ್ನನ್ನು ಕರೆದಳು.

“ಮಗಳೇ, ಎಂಟೂ ಬಾವಿ ಬಳ್ಳಿ ಬಿಚ್ಚಿ ತಕಂಡು ಬಾ. ನೀರಿನ ಕೊಡ ಎಲ್ಲ ಒಳಗೆ ಇಡೂಕೆ ಹೇಳು.”

ಓಡಿದೆ. ಗಡಗಡೆಯಿಂದ ಬಿಚ್ಚಿದ, ನೀರು ಸೇದುವ ಒದ್ದೆ ನಾರಿನ ಬಳ್ಳಿ ಹೆಗಲಿನ ಚರ್ಮ ಕೆರೆಯುತ್ತಿತ್ತು. ಅಷ್ಟು ಸುಖ ನನಗೆ ಯಾವ ಹಬ್ಬದಲ್ಲೂ ಸಿಕ್ಕಿರಲಿಲ್ಲ. ದೋಣಿಯವನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಇಳಿತ ಶುರುವಾಗುತ್ತಲೇ ದೋಣಿ ತಿರುಗಿಸಿಕೊಂಡು ಹೋದ. ಇನ್ನು ನೀರು ಏರುವವರೆಗೆ ಸಾಹೇಬನಿಗೆ ದಾರಿಯಿಲ್ಲ.

ಮೊದಲ ಮನೆಯಲ್ಲಿ ನೀರು ಕೇಳಿದ. “ಬಳ್ಳಿ ಹರದು ಹೋಯ್ತು ಸಾಹೇಬ್ರೆ.” ಎರಡನೆಯದರಲ್ಲೂ ಅದೇ, ಐದನೆಯದರಲ್ಲೂ ಅದೇ. ನಾನು ಹಿಂದೆಯೇ ನಡೆಯುತ್ತ ಅವನ ತುಟಿ ಬೆಳ್ಳಗಾಗುವುದನ್ನು ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಹೊಳೆಗೆ ಬಗ್ಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದ. ಕುಡಿದದ್ದನ್ನೆಲ್ಲ ಉಗುಳಿದ.

ದಂಡೆಯ ಮೇಲೆ ನಿಂತಿದ್ದ ಅಜ್ಜಿ ಹೇಳಿದಳು: “ಆ ನೀರು ಕುಡಿದೇ ನಮ್ಮ ಬೀಜ ಬದುಕ್ತಿತ್ತು ಸಾಹೇಬ್ರೆ. ನೀವೂ ಕುಡೀರಿ.”

ಅವನು ನಮ್ಮ ಜಗಲಿಗೆ ಬಂದು ಕುಸಿದು ಕೂತ. ಅಜ್ಜಿ ತಂಬಿಗೆ ತುಂಬ ನೀರು, ಎಲೆಯ ಮೇಲೆ ಬೆಲ್ಲ ತಂದು ಅವನ ಕೈಗೆಟುಕದಷ್ಟು ದೂರದಲ್ಲಿಟ್ಟು, ನಡುವೆ ತಾನು ಕೂತಳು.

“ಚೀಲದಲ್ಲಿ ಸರಕಾರದ ಕಾಗದ ಇರ್ಬೇಕಲ್ಲ, ಓದಿ. ಎಂಟು ಮನೆಯೋರೂ ಕೇಳ್ಲಿ.”

“ಕೇಸ್ ಹಾಕಿಸ್ತೀನಿ ನಿಮ್ಮೆಲ್ಲರ ಮೇಲೆ!”

“ಹಾಕಿ. ಬಳ್ಳಿ ಹರದದ್ದಕ್ಕೆ ಯಾವ ಕಾಯ್ದೆ?”

ತಂಬಿಗೆಯನ್ನು ನೋಡಿದ, ನಮ್ಮನ್ನು ನೋಡಿದ, ಕಾಗದ ತೆಗೆದ. ‘ಬಿತ್ತನೆಗೆ ಬೇಕಾದ ಬೀಜವನ್ನು ಬಿಟ್ಟು’ ಎಂಬುದನ್ನು ಬೇಗ ಬೇಗ ಓದಿ ದಾಟಿದ. “ಆ ಸಾಲು ಮತ್ತೊಂದು ಸಲ” ಎಂದಳು ಅಜ್ಜಿ. ಮೂರು ಸಲ ಓದಿಸಿದಳು. ಆಮೇಲೆ “ಆತು” ಎಂದು ತಂಬಿಗೆಯನ್ನು ಮುಂದಕ್ಕೆ ತಳ್ಳಿದಳು. ಅವನು ಹೋಗುವವರೆಗೂ ಅಟ್ಟದ ಕಡೆ ಕಣ್ಣೆತ್ತಲಿಲ್ಲ.

ಅಜ್ಜಿಯ ಮೇಲೆ ನನಗೆ ಆಗಲೇ ಸಿಟ್ಟು ಬಂದಿತ್ತು, ಇವತ್ತಿಗೂ ಇಳಿದಿಲ್ಲ. ನಾನಾಗಿದ್ದರೆ ಆ ನೀರು ಕೊಡುತ್ತಿರಲಿಲ್ಲ. ಅವನು ತಪ್ಪಾಯಿತು ಎನ್ನಲಿಲ್ಲ, ಅಪ್ಪನ ಕಾಗದ ತಿರುಗಿ ಕೊಡಲಿಲ್ಲ. ಉಬ್ಬರ ಏರುವವರೆಗೆ ಬಿಸಿಲಲ್ಲಿ ಒಣಗಲಿ ಎಂದು ಬಿಡಬೇಕಿತ್ತು.

ಈಗ ಕುರ್ವೆಗೆ ಸೇತುವೆಯಿದೆ. ಬಾವಿಗೆ ಪಂಪು ಬಂದು ಬಳ್ಳಿಯೇ ಇಲ್ಲವಾಗಿದೆ. ಕಳೆದ ಬೇಸಿಗೆಯಲ್ಲಿ ರಸ್ತೆಗೆ ಜಾಗ ಅಳೆಯುವವರು ನೇರ ಅಂಗಳಕ್ಕೇ ಜೀಪು ತಂದು ನಿಲ್ಲಿಸಿ, ನಮ್ಮ ಬಾವಿಕಟ್ಟೆಗೆ ಕೆಂಪು ಬಣ್ಣದಲ್ಲಿ ಗುರುತು ಹಾಕಿದರು. ರೂಢಿಯಂತೆ ಬೆಲ್ಲ, ನೀರು ತಂದೆ. ಯಾವ ಆದೇಶ, ಕಾಗದ ತೋರಿಸಿ ಎಂದೆ.

“ಆಮೇಲೆ ನೋಟಿಸ್ ಬರ್ತದಮ್ಮ. ನೀರು ಬೇಡ, ನಮ್ಮತ್ರ ಇದೆ” ಎಂದ ಒಬ್ಬ. ಎಲ್ಲರ ಕೈಯಲ್ಲೂ ಬಾಟಲಿಗಳಿದ್ದವು.

ತಂಬಿಗೆಯ ನೀರನ್ನು ಅವರ ಕಣ್ಣೆದುರೇ ನೆಲಕ್ಕೆ ಸುರಿದೆ. ಒಬ್ಬನೂ ತಿರುಗಿ ನೋಡಲಿಲ್ಲ.