ಉಪ್ಪಿನ ತೊಟ್ಟಿಯ ಗೋಧಿ ಸಸಿಗಳು

ಉಪ್ಪುನೀರಿನ ತೊಟ್ಟಿಯಲ್ಲಿ ಸತ್ತ ಗೋಧಿ ಸಸಿಗಳನ್ನು ಕಿತ್ತೆಸೆದು, ಆ ಜಾಗದಲ್ಲಿ ಜೀವವಿದ್ದ ಸಸಿಗಳನ್ನು ನೆಟ್ಟವಳು ನಾನೇ, ಮೇಡಂ. ಹನ್ನೊಂದು ವರ್ಷ ಬಾಯಿ ಬಿಡಲಿಲ್ಲ. ಈಗಲೂ ಎದುರು ನಿಂತು ಹೇಳುವ ಧೈರ್ಯವಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ನೀವು ಮಲ್ಲಂದೂರಿಗೆ ಬಂದಾಗ ನಾವೆಲ್ಲ ನಕ್ಕಿದ್ದೆವು. ಕಾಫಿ ಬೆಳೆಯುವ ಊರಲ್ಲಿ ಗೋಧಿಯಂತೆ! ಬಯಲುಸೀಮೆಯ ಸೆಕೆಗಾಲದಲ್ಲಿ ಇಲ್ಲಿಯ ತಂಪಿಗೆ ಇನ್ನೊಂದು ಬೆಳೆ ತೆಗೆದರೆ, ಹೊಸ ತಳಿ ಮಾಡುವುದರಲ್ಲಿ ಒಂದು ವರ್ಷ ಉಳಿಯುತ್ತದೆ ಎಂದು ನನ್ನ ಪಕ್ಕ ಕೂತು ವಿವರಿಸಿದಿರಿ. ಎಸ್ಟೇಟಿನ ನರ್ಸರಿ ಆಳಿಗೆ ಅಷ್ಟೆಲ್ಲ ಹೇಳುವವರು ಯಾರಿದ್ದಾರೆ? ಉಪ್ಪೇರಿದ ಹೊಲದವರೂ ತಮ್ಮ ಗೋಧಿ ತಾವು ಬೆಳೆದು ಉಣ್ಣಬೇಕು ಎಂದಿರಿ. ಚಿಮಟ ಹಿಡಿದು ಒಂದೊಂದೇ ಹೂವಿನ ಕೇಸರ ತೆಗೆಯುತ್ತ ಊಟ ಮರೆಯುತ್ತಿದ್ದಿರಿ. ನಿಮ್ಮಂಥವರನ್ನು ನಾನು ನೋಡಿಯೇ ಇರಲಿಲ್ಲ.

ಸಿಹಿನೀರಿನದೊಂದು ತೊಟ್ಟಿ, ಉಪ್ಪುನೀರಿನದೊಂದು; ಎರಡರಲ್ಲೂ ಗೋಧಿ ಸಸಿ. "ಸುಶೀಲಾ, ಚೆನ್ನಾಗಿ ನೋಡ್ಕೋ" ಎಂದು ಹೇಳಿ ಊರಿಗೆ ಹೋದಿರಿ. ಉಪ್ಪಿನ ತೊಟ್ಟಿಯ ಸಸಿಗಳು ಒಂದೊಂದಾಗಿ ಒಣಗಿದವು. ಕಾಫಿ ನರ್ಸರಿಯಲ್ಲಿ ನಾನು ಕಲಿತದ್ದು ಒಂದೇ — ಸಾಹುಕಾರರು ರೌಂಡ್ಸ್ ಬರುವ ಮೊದಲು ಸತ್ತ ಗಿಡ ತೆಗೆದು, ಆ ಜಾಗಕ್ಕೆ ಬೇರೆ ಗಿಡ ಹಾಕಿಬಿಡಬೇಕು. ನೀವು ಬರುವ ಎರಡು ದಿನ ಮುಂಚೆ, ಸಿಹಿನೀರಿನ ತೊಟ್ಟಿಯಲ್ಲಿ ಒತ್ತಾಗಿ ಬೆಳೆದಿದ್ದ ಸಸಿಗಳನ್ನು ಗೊತ್ತಾಗದಂತೆ ಅಲ್ಲಲ್ಲಿ ಕಿತ್ತು ಹಾಗೇ ಮಾಡಿದೆ. ಸುಶೀಲಾ ಕೈಯಲ್ಲಿ ಗಿಡ ಸತ್ತವು ಅನ್ನಿಸಿಕೊಳ್ಳುವುದೇ — ಥೂ, ನನ್ನ ಜಂಬಕ್ಕಿಷ್ಟು!

"ಅಯ್ಯೋ ಸುಶೀಲಾ, ಇಷ್ಟೂ ಬದುಕಿದಾವಲ್ಲೇ!" ಎಂದು ನೀವು ನನ್ನನ್ನು ತಬ್ಬಿಕೊಂಡಿರಿ. ಆಗ ತಿಳಿಯಿತು — ಯಾವುದು ಸಾಯುತ್ತದೆ, ಯಾವುದು ಉಳಿಯುತ್ತದೆ ಎಂದು ನೋಡಲಿಕ್ಕೇ ನೀವು ಇಷ್ಟೆಲ್ಲ ಮಾಡಿದ್ದು. "ಮೇಡಂ, ಅದು..." ಎಂದೆ. ನಿಮಗೆ ಕೇಳಿಸಲಿಲ್ಲ. ಇಲ್ಲ, ಸುಳ್ಳೇಕೆ, ಕೇಳಿಸುವಷ್ಟು ಗಟ್ಟಿಯಾಗಿ ನಾನು ಹೇಳಲಿಲ್ಲ.

ಆ ಸಸಿಗಳನ್ನು ಮಣ್ಣಿಗೆ ನೆಟ್ಟು ಬೀಜ ಮಾಡಿದಿರಿ. ಮರುವರ್ಷ ಉಪ್ಪಿನ ಹೊಲದಲ್ಲಿ ಬಿತ್ತಿದರೆ ಒಂದೂ ಉಳಿಯಲಿಲ್ಲ. ಮೇಲಿನವರ ಮುಂದೆ ತಪ್ಪೆಲ್ಲ ನಿಮ್ಮದೇ ಎಂದು ಒಪ್ಪಿಕೊಂಡಿರಂತೆ. ನನಗೊಂದು ಗದರಿಕೆಯ ಮಾತಿಲ್ಲ. "ನಾನು ಆರಿಸಿದ್ದೇ ಸರಿಯಿಲ್ಲ ಮಾರಾಯ್ತಿ. ಮೊದ್ಲಿಂದ ಮಾಡಣ ಬಾ" ಎಂದು ಮತ್ತೆ ಚಿಮಟ ಹಿಡಿದಿರಿ. ಆ ಗಟ್ಟಿತನಕ್ಕೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ! ಬಾಯಿ ಮಾತ್ರ ಬಿಡಲಿಲ್ಲ.

ಹೋದ ತಿಂಗಳು ನೀವೇ ಫೋನ್ ಮಾಡಿ, ಉಪ್ಪಿನ ಹೊಲದಲ್ಲಿ ನಮ್ಮ ಗೋಧಿ ತೆನೆ ಕಟ್ಟಿದೆ ಎಂದಿರಿ. "ನಮ್ಮ" ಎಂದಿರಿ. ನಾನು ಅತ್ತುಬಿಟ್ಟೆ. ಆಮೇಲೆ ನಗುತ್ತ ಇನ್ನೊಂದು ಮಾತು ಹೇಳಿದಿರಿ: "ಅವತ್ತು ಮಲ್ಲಂದೂರಲ್ಲಿ ನನ್ ಕಣ್ಣು ಮೋಸ ಹೋಯ್ತಲ್ಲ, ಆಮೇಲೆ ನನ್ ಕಣ್ಣನ್ನ ನಾನೇ ನಂಬಲ್ಲ. ಪಾಠ ಮಾಡುವಾಗೆಲ್ಲ ಅದನ್ನೇ ಹೇಳ್ತೀನಿ."

ನನಗೆ ನಗು ಬರಲಿಲ್ಲ. ಇಷ್ಟು ವರ್ಷ ಹಾಳಾದದ್ದು ಒಂದು ಬೆಳೆ ಮಾತ್ರ ಎಂದುಕೊಂಡಿದ್ದೆ.

ನಿಮ್ಮ ಕಣ್ಣು ಮೋಸ ಹೋಗಿರಲಿಲ್ಲ, ಮೇಡಂ. ಮೋಸ ಮಾಡಿದವಳು ನಾನು. ಇನ್ನು ಮುಂದೆ ಪಾಠದಲ್ಲಿ ಆ ಮಾತು ಬಂದರೆ ದಯವಿಟ್ಟು ನನ್ನ ಹೆಸರು ಹೇಳಿ.