ಒಲೆಗೆ ಹೋದ ರಸೀದಿಗಳು

ಚಳ್ಳಕೆರೆಯ ನಮ್ಮ ಹೋಟೆಲ್ ಯಜಮಾನರ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲೂ ಇರಲಿಲ್ಲ. ದೋಸೆ ಹಂಚಿನ ಝಳಕ್ಕೆ ಸುಟ್ಟುಹೋಗಿದ್ದವು. ಆ ಕೈಯಲ್ಲೇ ದಿನದ ವ್ಯಾಪಾರ ಬರೆಯುತ್ತಿದ್ದರು, ಒಂದು ಚಹಾ ಕೂಡ ಬಿಡದೆ. ಪೂಜೆ ಮಾಡಿದ ಪುಸ್ತಕ ಅದು, ಬಡಿಸಿದ್ದೆಲ್ಲ ಅದರಲ್ಲಿ ಇರಬೇಕು ಎನ್ನುವವರು. ತೊಂಬತ್ತರ ದಶಕದ ಕೊನೆ. ನಾನು ಆಗಷ್ಟೇ ಬೋರ್ಡು ಹಾಕಿಕೊಂಡ ತೆರಿಗೆ ಲೆಕ್ಕದವನು. ಅವರ ಲೆಕ್ಕ ನಾನು ನೋಡುತ್ತಿದ್ದೆ, ನನ್ನ ಮಧ್ಯಾಹ್ನದ ಊಟ ಅವರಲ್ಲಿ ಪುಕ್ಕಟೆ.

ದೀಪಾವಳಿಗೆ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಹಳೆಯದನ್ನು ದೇವರ ಗೂಡಿನಲ್ಲಿಡುತ್ತಿದ್ದರು. ಎಣ್ಣೆ, ಅಕ್ಕಿ, ಸೌದೆಯ ರಸೀದಿಗಳೆಲ್ಲ ಒಲೆಗೆ ಹೋಗುತ್ತಿದ್ದವು. "ಕೊಟ್ಟು ಮುಗಿದಿದ್ದರ ಚೀಟಿ ಯಾಕ್ರಿ ಇಟ್ಕಬೇಕು? ಲಕ್ಷ್ಮಿ ಬರೋ ಮನೇಲಿ ಕಸ ಇರಬಾರ್ದು" ಎನ್ನುತ್ತಿದ್ದರು.

ತೆರಿಗೆ ಬೀಳುವುದು ಖರ್ಚು ಕಳೆದು ಉಳಿದದ್ದಕ್ಕೆ, ಕಳೆಯಬೇಕಾದರೆ ಆ ಚೀಟಿಗಳೇ ಬೇಕು. ಇದನ್ನು ಹೇಳಬೇಕಾದವನು ನಾನು. ಅಲ್ಲೇ ಕೂತು ಹೋಳಿಗೆ ತಿನ್ನುತ್ತಿದ್ದೆ. ಹಬ್ಬದ ದಿನ ಯಾಕೆ ತಡೆಯುವುದು, ಖರ್ಚನ್ನು ಅಂದಾಜಿನಲ್ಲಿ ತೋರಿಸಿದರಾಯಿತು, ಯಾರು ಕೇಳುತ್ತಾರೆ ಎಂದುಕೊಂಡೆ. ಕಾಲ ಬಳಿ ಬಿದ್ದಿದ್ದ ಒಂದು ಕಟ್ಟನ್ನು ನಾನೇ ಎತ್ತಿ ಕೊಟ್ಟೆ. ಥೂ ನನ್ನ ಜನ್ಮಕ್ಕೆ!

ಎರಡು ವರ್ಷದ ಮೇಲೆ ತೆರಿಗೆ ಇಲಾಖೆಯವರು ಕೇಳಿದರು. ವ್ಯಾಪಾರದ ಪುಸ್ತಕ ಪೈಸೆಪೈಸೆಗೂ ಅಧಿಕಾರಿಯ ಮುಂದಿತ್ತು, ಖರ್ಚಿಗೆ ಒಂದು ಚೀಟಿಯೂ ಇರಲಿಲ್ಲ. ನಕಲು ತರಲು ಎಣ್ಣೆ ಮಿಲ್ಲಿಗೆ ಓಡಿದೆ. ಮಿಲ್ಲು ಮುಚ್ಚಿ, ಗೇಟಿಗೆ ಬೀಗ ಬಿದ್ದಿತ್ತು. ನಾನು ಕಳೆದು ತೋರಿಸಿದ್ದ ಖರ್ಚಿನಲ್ಲಿ ಬಹುಪಾಲು ತಿರುಗಿ ಅವರ ಲಾಭಕ್ಕೇ ಸೇರಿತು. ತೆರಿಗೆ, ಬಡ್ಡಿ, ದಂಡ ಕಟ್ಟಲು ಹೋಟೆಲ್ ಮಾರಿದರು.

ಆಮೇಲೆ ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕ, ಇನ್ನೊಬ್ಬರ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದರು. ತಪ್ಪೊಪ್ಪಿಕೊಳ್ಳಲೆಂದೇ ಒಂದು ದಿನ ಹೋದೆ. ನಾನು ಬಾಯಿ ತೆರೆಯುವ ಮೊದಲೇ ತಟ್ಟೆ ತಂದಿಟ್ಟು, "ನೀವು ಓಡಾಡಿದ್ದು ನಂಗೊತ್ತೈತೆ ಸಾಮಿ. ಸುಟ್ಟೋನು ನಾನು, ನೀವೇನು ಮಾಡ್ತೀರಿ" ಎಂದರು. ತಲೆ ತಗ್ಗಿಸಿ ದೋಸೆ ತಿಂದು ಬಂದೆ.

ಆ ಬೇಸಿಗೆ ಅವರು ದಾಟಲಿಲ್ಲ. ತಿಥಿಯ ದಿನ ಅವರ ಹೆಂಡತಿ ಹಳೆಯ ಪುಸ್ತಕಗಳನ್ನು ನನ್ನ ಕೈಗಿಟ್ಟರು. ಪ್ರತಿ ಪುಟದ ಕೆಳಗಿನ ಮೊತ್ತವನ್ನಷ್ಟೇ ನೋಡುತ್ತಿದ್ದವನು ಅಂದು ಮೊದಲ ಸಲ ಸಾಲುಗಳನ್ನು ಓದಿದೆ. ದಿನಕ್ಕೊಂದು ಸಾಲು, ಅದೇ ಗುಂಡಗಿನ ಅಕ್ಷರದಲ್ಲಿ: ಲೆಕ್ಕದ ಸಾಮಿ, ಒಂದು ಊಟ. ಎದುರಿಗೆ ಊಟದ ಪೂರ್ತಿ ದರ. ನಾನು ಎಂದೂ ಕೊಡದ ದುಡ್ಡಿಗೂ ಅವರು ತೆರಿಗೆ ಕಟ್ಟಿದ್ದರು.