ಪಿಯಾನೋದ ಕೆಳಗಿನ ಗಾಲಿಗಳು

ಗೋಣಿಚೀಲದ ವಾಸನೆ ಮೂಗಿಗೆ ಬಂದರೆ ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗುತ್ತವೆ. ನಾಲ್ಕು ದಿನದ ಹಿಂದೆ ಪಿ.ಜೆ. ಬಡಾವಣೆಯ ಕಿರಾಣಿ ಅಂಗಡಿಯಲ್ಲಿ ಹೀಗೇ ನಿಂತಿದ್ದೆ. ಅಂಗಡಿಯವನು ಸಕ್ಕರೆಯ ಪೊಟ್ಟಣ ಮುಂದೆ ಹಿಡಿದು, "ತಗಳ್ರಿ ಮೇಷ್ಟ್ರೆ. ನಿಮ್ಮನ್ನ ಯಾರು ಕೈ ಕಟ್ಟಿ ನಿಲ್ಸಿದ್ರು?" ಎಂದ. ನಾನೂ ನಕ್ಕೆ. ಆದರೆ ಕೈ ಮುಂದೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ನಿಮಗೂ ಇಂಥದ್ದೊಂದು ಇರಬಹುದು. ಮರೆತೆನೆಂದುಕೊಂಡಿದ್ದನ್ನು ಮೈ ಮಾತ್ರ ಮರೆತಿರುವುದಿಲ್ಲ.

ಹದಿಮೂರು ವರ್ಷದ ಹಿಂದಿನ ಮಾತು. ಆಗ ನಾನು ದಾವಣಗೆರೆಯ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ ಇಂಗ್ಲಿಷ್ ಉಪನ್ಯಾಸಕ. ಭಾನುವಾರಗಳಲ್ಲಿ ಹರಿಹರಕ್ಕೆ ಹೋಗಿ ಮಿಸ್ ಲೋಬೋ ಅವರ ಹತ್ತಿರ ಪಿಯಾನೋ ಕಲಿಯುತ್ತಿದ್ದೆ. ಕಲಿಯುತ್ತಿದ್ದೆ ಎನ್ನುವುದು ನನ್ನ ಮಾತು. ಅವರು ಹಾಗೆ ಹೇಳುತ್ತಿದ್ದರೋ ಇಲ್ಲವೋ. ಮಂಡಕ್ಕಿ ಕಲಸುವುದಕ್ಕೆ ಹೇಳಿ ಮಾಡಿಸಿದ ಬೆರಳು ನನ್ನವು. ಅವರು ನನ್ನ ಅಂಗೈ ಹಿಂಬದಿಯ ಮೇಲೆ ಒಂದು ಬೆಂಕಿಪೊಟ್ಟಣ ಇಡುತ್ತಿದ್ದರು. ಬಾರಿಸುವಾಗ ಅದು ಬೀಳಬಾರದು. ನನ್ನ ಕೈಯಿಂದ ಅದು ಬೀಳದ ಭಾನುವಾರವೇ ಇರಲಿಲ್ಲ. ಜೊತೆಗೆ ಕಲಿಯುತ್ತಿದ್ದ ಶಾಲೆಯ ಹುಡುಗಿಯರು ಅದನ್ನು ಹೆಕ್ಕಿ ಕೊಡುತ್ತಾ ಕಿಸಕ್ಕನೆ ನಗುತ್ತಿದ್ದರು.

ಮಿಸ್ ಲೋಬೋ ಮುಂಬಯಿಯಲ್ಲಿ ಕಲಿತವರು. ಪುಣೆ, ಮದರಾಸು, ಕೊಲಂಬೋಗಳಲ್ಲಿ ತುಂಬಿದ ಸಭೆಗಳೆದುರು ಬಾರಿಸಿದವರು. ತಾಯಿ ಕಾಯಿಲೆ ಬಿದ್ದಾಗ ಎಲ್ಲ ಬಿಟ್ಟು, ಹರಿಹರದಲ್ಲಿದ್ದ ಅಕ್ಕನ ಮನೆಗೆ ತಾಯಿಯೊಂದಿಗೆ ಬಂದರು. ಪಿಯಾನೋ ಅವರ ಹಿಂದೆಯೇ ರೈಲಿನಲ್ಲಿ ಬಂತು. ತಾಯಿ ತೀರಿಕೊಂಡ ಮೇಲೂ ಮಕ್ಕಳಿಗೆ ಪಾಠ ಹೇಳುತ್ತಾ ಅಲ್ಲೇ ಉಳಿದರು. ಆರು ವರ್ಷ ವೇದಿಕೆ ಹತ್ತಿರಲಿಲ್ಲ. ಆದರೆ ಕೈಗಳನ್ನು ಕಾಪಾಡಿಕೊಂಡಿದ್ದರು. ಚಾಕು ಮುಟ್ಟುತ್ತಿರಲಿಲ್ಲ, ಬಾವಿಯ ಹಗ್ಗ ಎಳೆಯುತ್ತಿರಲಿಲ್ಲ. ಕಿತ್ತಳೆ ಹಣ್ಣನ್ನೂ ಅಕ್ಕನೇ ಸುಲಿದು ಕೊಡಬೇಕಿತ್ತು. ಇದೇನು ರಾಣಿಯ ಡೌಲು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ನಮ್ಮ ಕಾಲೇಜಿನ ಕಲಾಸಂಘಕ್ಕೆ ನಾನೇ ಕಾರ್ಯದರ್ಶಿ. ಅವರದೊಂದು ಕಛೇರಿ ದಾವಣಗೆರೆಯಲ್ಲಿ ಆಗಲಿ ಎಂದು ಹಟ ಹಿಡಿದೆ. ಅವರು ಒಪ್ಪಲು ಕಾರಣ ನನ್ನ ಹಟವಲ್ಲ. ಮುಂಬಯಿಯ ಒಂದು ಸಂಗೀತ ಸಭೆಯವರು ಆ ದಿನ ಬಂದು ಕೇಳುವುದಾಗಿ ಕಾಗದ ಬರೆದಿದ್ದರು. ಅವರಿಗೆ ಮೆಚ್ಚುಗೆಯಾದರೆ ಮಿಸ್ ಲೋಬೋ ಮತ್ತೆ ವೇದಿಕೆಗೆ ಹೋಗುತ್ತಾರೆ, ಇಲ್ಲವಾದರೆ ಹರಿಹರವೇ. "ಈ ಕೈಗಳಿಗೆ ಇನ್ನೊಂದೇ ಅವಕಾಶ," ಎಂದಿದ್ದರು. ಪಿಯಾನೋ ಮಾತ್ರ ತಮ್ಮದೇ ಬೇಕು, ಬೇರೆಯದನ್ನು ಮುಟ್ಟುವುದಿಲ್ಲ ಎಂದರು. ಬೇರೆಯದು ಈ ಸೀಮೆಯಲ್ಲಿ ಇದ್ದರೆ ತಾನೆ?

ಪಿಯಾನೋ ಲಾರಿಯಲ್ಲಿ ಬಂತು. ಧೂಳು ಹೋಗಬಾರದೆಂದು ನಾನೇ ಅದರ ಮೈಗೆಲ್ಲ ಗೋಣಿಚೀಲ ಸುತ್ತಿ ದಬ್ಬಣದಿಂದ ಹೊಲಿದಿದ್ದೆ. ನೆಲದವರೆಗೂ ಇಳಿಬಿಟ್ಟು ಹೊಲಿದಿದ್ದೆ. ಬಹಳ ಅಚ್ಚುಕಟ್ಟಾದ ಕೆಲಸ. ಹೊರಡುವಾಗ ಮಿಸ್ ಲೋಬೋ ನನಗೆ ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದರು: ಕೆಳಗೆ ನಾಲ್ಕು ಗಾಲಿಗಳಿವೆ, ಈಗ ಇಟ್ಟಿಗೆ ಕೊಟ್ಟು ನಿಲ್ಲಿಸಿದೆ, ಇಳಿಸುವ ಮೊದಲು ಗಾಲಿಗಳನ್ನು ಹಗ್ಗದಿಂದ ಬಿಗಿಯಬೇಕೆಂದು ಆಳುಗಳಿಗೆ ತಿಳಿಸಿ. ಅವರಿಗೆ ಕನ್ನಡ ಅಷ್ಟಾಗಿ ಬರುತ್ತಿರಲಿಲ್ಲ. ತಿಳಿಸುತ್ತೇನೆ ಎಂದೆ.

ಇಳಿಸಲು ಮಂಡಿಪೇಟೆಯಿಂದ ಆರು ಜನ ಹಮಾಲರು ಬಂದಿದ್ದರು. ಅವರ ಮುಖಂಡ ಕೆಂಚಪ್ಪ ಪಿಯಾನೋದ ಸುತ್ತ ಒಂದು ಸುತ್ತು ಬಂದು, "ಏನ್ರಿ ಮೇಷ್ಟ್ರೆ, ಇದು ಹಾಡೋ ಪೆಟ್ಟಿಗೆನೋ, ಬೀಗರ ಮನಿ ಬೀರೂನೋ?" ಎಂದ.

"ಬೀರೂನೇ ಕೆಂಚಪ್ಪ. ಒಳಗೆ ಮದುಮಗಳು ಕುಂತಾಳೆ, ಹುಷಾರು," ಎಂದೆ.

ಆರೂ ಜನ ಬಿದ್ದು ಬಿದ್ದು ನಕ್ಕರು. ಹಮಾಲರನ್ನು ನಗಿಸಿದ ಉಪನ್ಯಾಸಕ ನಾನೊಬ್ಬನೇ ಇರಬೇಕು ಎಂಬ ಹೆಮ್ಮೆ ತಲೆಗೇರಿತು. ಆ ಹೆಮ್ಮೆಯಲ್ಲಿ ಗಾಲಿಯ ಮಾತು ಮರೆತೇಹೋಯಿತು. ಅವರು ಗೋಣಿಯ ಹೊರಗಿನಿಂದ ಒತ್ತಿಟ್ಟಿದ್ದ ಇಟ್ಟಿಗೆಗಳನ್ನು ಸರಿಸಿ, ಒಳಗಿನ ಗಾಲಿಗಳು ಕಾಣದೆ, ಸುತ್ತಲೂ ಹಿಡಿದು ಎತ್ತಿ ಇಳಿಜಾರು ಹಲಗೆಯ ಮೇಲೆ ತಂದರು.

ಮಂಡಿಪೇಟೆಯ ಹಮಾಲರಲ್ಲಿ ಒಂದು ಪದ್ಧತಿಯಿದೆ. ಹತ್ತಿಯ ಅಂಡಿಗೆಯನ್ನು, ಆ ದೊಡ್ಡ ಮೂಟೆಯನ್ನು, ಲಾರಿಯಿಂದ ಹಲಗೆಯ ಮೇಲೆ ಇಳಿಸುವಾಗ, ಅರ್ಧಕ್ಕೆ ಬಂದ ಕೂಡಲೇ ಮುಖಂಡ "ಬಿಡ್ರಪ್ಪಾ" ಎನ್ನುತ್ತಾನೆ. ಎಲ್ಲರೂ ಒಮ್ಮೆಗೇ ಕೈ ಬಿಟ್ಟು, ಅಂಗೈ ಒರೆಸಿಕೊಂಡು, ಮಗ್ಗುಲು ಬದಲಿಸಿ ಮತ್ತೆ ಹಿಡಿಯುತ್ತಾರೆ. ಅಂಡಿಗೆ ಎಲ್ಲಿಗೂ ಹೋಗುವುದಿಲ್ಲ, ಇಟ್ಟಲ್ಲೇ ಕೂತಿರುತ್ತದೆ. ಅವರ ಅಪ್ಪಂದಿರೂ ಹೀಗೇ ಇಳಿಸಿದ್ದರು.

ಹಲಗೆಯ ತುದಿ ಸಭಾಂಗಣದ ಬಾಗಿಲಿನ ಕಲ್ಲುಕಂಬದ ಹತ್ತಿರ ಮುಗಿಯುತ್ತಿತ್ತು. ಪಿಯಾನೋದ ಮೂಲೆ ಕಂಬಕ್ಕೆ ತಾಗೀತೆಂದು ಮಿಸ್ ಲೋಬೋ ಅಲ್ಲಿ ನಿಂತು, ಕುರುಡರನ್ನು ಕರೆದುಕೊಳ್ಳುವವರಂತೆ ಎರಡೂ ಕೈ ಚಾಚಿದ್ದರು.

ಕೆಂಚಪ್ಪ "ಬಿಡ್ರಪ್ಪಾ" ಎಂದ.

ಮೊದಲು ಸದ್ದು ಬಂತು. ಬೀಸುವ ಕಲ್ಲಿನ ಸದ್ದು, ಗೋಣಿಯೊಳಗಿಂದ. ಆ ಸದ್ದು ಏನೆಂದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ಮಿಸ್ ಲೋಬೋ ಅವರಿಗೆ ಮತ್ತು ನನಗೆ. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹದಿಮೂರು ವರ್ಷದಿಂದ ನಾನು ನೋಡುತ್ತಿರುವುದು ಇದನ್ನೇ: ಕಿತ್ತಳೆ ಸುಲಿಯದ ಆ ಹತ್ತು ಬೆರಳುಗಳು ಬಿಚ್ಚಿಕೊಂಡು, ಇಳಿದು ಬರುವ ಆ ಭಾರಕ್ಕೆ ಎದುರಾಗಿ ನಿಂತಿವೆ; ಬೆನ್ನಿಗೆ ಕಲ್ಲುಕಂಬ. ನನ್ನ ಕೈಗಳು ದಬ್ಬಣ ಹಿಡಿದು ಬೆನ್ನ ಹಿಂದೆಯೇ ಇವೆ.

ಕೆಂಚಪ್ಪ ಪಕ್ಕದಿಂದ ಹಾರಿ, ಪಿಯಾನೋಕ್ಕೂ ಕಂಬಕ್ಕೂ ನಡುವೆ ತನ್ನ ಭುಜ ಕೊಟ್ಟ. ಎಲ್ಲ ತಂತಿಗಳೂ ಒಟ್ಟಿಗೆ ನರಳಿದವು. ಮಿಸ್ ಲೋಬೋ ಕೈಗಳನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡು, ಒಂದೊಂದೇ ಬೆರಳು ಮಡಚಿ ನೋಡಿದರು. ಹತ್ತೂ ಮಡಚಿದವು.

ಆಮೇಲೆ ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು, ಗಾಲಿಯ ವಿಷಯ ಅವರಿಗೆ ಹೇಳಿದ್ದಿರಾ ಎಂದು.

"ಹೇಳಿದ್ದೆ ಮಿಸ್. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ," ಎಂದೆ. ಅದೂ ಇಂಗ್ಲಿಷಿನಲ್ಲೇ.

ಪಿಯಾನೋಕ್ಕೆ ಒರಗಿ ಏದುಸಿರು ಬಿಡುತ್ತಿದ್ದ ಕೆಂಚಪ್ಪ, "ಅಮ್ಮಾರು ಏನಂತಾರ್ರಿ ಮೇಷ್ಟ್ರೆ?" ಎಂದ.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಅಂತಾರೆ."

ಅವನು ಅವರ ಕಡೆ ತಿರುಗಿ ನಮಸ್ಕಾರ ಮಾಡಿದ. ಅವರು ಮುಖ ತಿರುಗಿಸಿಕೊಂಡರು.

ಆ ಸಂಜೆ ಅವರು ಬಾರಿಸಿದರು. ಏನು ಬಾರಿಸಿದರೆಂದು ಕೇಳಬೇಡಿ; ನಾನು ಬೆರಳುಗಳನ್ನು ಎಣಿಸುತ್ತಾ ಕುಳಿತಿದ್ದೆ. ಮುಂಬಯಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಪಿಯಾನೋ ವಾಪಸ್ ಹೇರಲು ಬೇರೆ ಹಮಾಲರು ಬಂದರು. ಯಾಕೆಂದು ನಾನು ಕೇಳಲಿಲ್ಲ. ಮಿಸ್ ಲೋಬೋ ನನಗೆ ಏನನ್ನೂ ಹೇಳದೆ ತಾವೇ ಬಗ್ಗಿ, ಗೋಣಿ ಎತ್ತಿ ಗಾಲಿ ಮುಟ್ಟಿ ತೋರಿಸಿದರು. ಆ ವರ್ಷದ ಕೊನೆಗೆ ಮುಂಬಯಿಗೆ ಹೊರಟುಹೋದರು. ಹೊಸ ವರ್ಷದ ಶುಭಾಶಯದ ಕಾರ್ಡು ಈಗಲೂ ಬರುತ್ತದೆ. ಪ್ರತಿ ಸಲವೂ, ಆ ಪ್ರಶ್ನೆಯನ್ನು ಮತ್ತೆ ಕೇಳಿರುತ್ತಾರೇನೋ ಎಂಬ ಅಂಜಿಕೆಯಲ್ಲೇ ಲಕೋಟೆ ಒಡೆಯುತ್ತೇನೆ.

ಕಿರಾಣಿ ಅಂಗಡಿಯಿಂದ ಬಂದ ಮೇಲೆ ಎರಡು ದಿನ ನಿದ್ದೆ ಹತ್ತಲಿಲ್ಲ. ನಿನ್ನೆ ಮಂಡಿಪೇಟೆಗೆ ಹೋದೆ, ಕೆಂಚಪ್ಪನಿಗೆ ನಿಜ ಹೇಳಿಬಿಡೋಣವೆಂದು. ಮೂಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ ಮುದುಕ ಹಮಾಲನೊಬ್ಬನನ್ನು ವಿಚಾರಿಸಿದೆ.

"ಯಾವ ಕೆಂಚಪ್ಪರಿ? ಊರು ಯಾವ್ದು? ಯಾರ ಪೈಕಿ?"

ನನಗೆ ಒಂದೂ ಗೊತ್ತಿರಲಿಲ್ಲ. ಗುರುತಿಗೆಂದು ಆ ಮಧ್ಯಾಹ್ನದ ಕಥೆಯನ್ನೆಲ್ಲ ಹೇಳಿದೆ. ನನ್ನ ಸುಳ್ಳನ್ನೂ ಬಿಡದೆ, ಮೊದಲ ಸಲ, ಇದ್ದದ್ದು ಇದ್ದಂತೆ. ಆ ಅಮ್ಮನವರ ಬೆರಳಿಗೆ ಏನೂ ಆಗಲಿಲ್ಲ ಎಂದು ಮುಗಿಸಿದೆ. ಮುದುಕ ಎಲೆ ಮಡಚುವುದನ್ನು ನಿಲ್ಲಿಸಿದ.

"ಅದಿರ್ಲಿ ಬಿಡ್ರಿ. ಭುಜ ಕೊಟ್ಟೋನಿಗೆ ಏನಾತು?"

ಆ ಮಧ್ಯಾಹ್ನವನ್ನು ಮತ್ತೊಮ್ಮೆ ನೋಡಿದೆ. ಈ ಸಲ ಮಿಸ್ ಲೋಬೋ ಅವರ ಬೆರಳುಗಳನ್ನು ಬಿಟ್ಟು. ಕೆಂಚಪ್ಪ ಅವರ ಕಡೆ ತಿರುಗುತ್ತಾನೆ. ನಮಸ್ಕಾರ ಮಾಡುತ್ತಾನೆ. ಹಣೆಗೆ ಏರುವುದು ಎಡಗೈ ಒಂದೇ.